ಗೇಟಿಗೆ ರಶೀದಿ ಪುಸ್ತಕ ಬರುವ ಮೊದಲು: ಮನೆ ಖರ್ಚು, ದಾನ ಎರಡನ್ನೂ ತೂಗಿಸುವ ಲೆಕ್ಕ

ನಮ್ಮ ಕರಾವಳಿಯಲ್ಲಿ ದೀಪಾವಳಿ ಕಳೆದ ಕೂಡಲೇ ಒಂದು ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. "ಊರಿನ ಬ್ರಹ್ಮಕಲಶಕ್ಕೆ ಐದು ಸಾವಿರ ಕೇಳಿದ್ದಾರೆ, ಮಗಳ ಫೀಸು ಬಾಕಿ ಇದೆ. ಎಂತ ಮಾಡುವುದು ಮಾರಾಯ್ರೆ?" ಬ್ರಹ್ಮಕಲಶ ಅಂದರೆ ದೇವಸ್ಥಾನ ಹೊಸದಾಗಿ ಕಟ್ಟಿದಾಗಲೋ ಜೀರ್ಣೋದ್ಧಾರ ಆದಾಗಲೋ ನಡೆಯುವ ದೊಡ್ಡ ಉತ್ಸವ. ಸುರತ್ಕಲ್ಲಿನವರು ಕೇಳುತ್ತಾರೆ, ಕಾಪುವಿನವರು ಕೇಳುತ್ತಾರೆ. ದೇವಸ್ಥಾನದ ಜಾಗದಲ್ಲಿ ಕೆಲವರಿಗೆ ಇಗರ್ಜಿ (ಚರ್ಚ್), ಕೆಲವರಿಗೆ ಮಸೀದಿ, ಇನ್ನು ಕೆಲವರಿಗೆ ಆಸ್ಪತ್ರೆಯಲ್ಲಿ ಮಲಗಿರುವ ಅತ್ತಿಗೆಯ ತಮ್ಮ. ಉಳಿದದ್ದೆಲ್ಲ ಅದೇ.

ನಾನು ಹೇಳುವುದೂ ಪ್ರತಿ ಸಲ ಒಂದೇ. ಎಷ್ಟು ಕೊಡಬೇಕು ಅಂತ ವಂತಿಗೆ ಕೇಳಲು ಬಂದವರ ಎದುರು ಗೇಟಿನಲ್ಲಿ ನಿಂತು ತೀರ್ಮಾನ ಮಾಡಬೇಡಿ. ಅಲ್ಲಿ ನಿಮ್ಮ ಪರವಾಗಿ ಮಾತಾಡುವುದು ನಿಮ್ಮ ಮುಜುಗರ. ವರ್ಷಕ್ಕೊಮ್ಮೆ ಮನೆಯವರೆಲ್ಲ ಕೂತು ಒಂದು ಮೊತ್ತ ಇಟ್ಟುಬಿಡಿ. ಆಮೇಲೆ ಯಾರು ಬಂದರೂ ಹೇಳಬೇಕಾದ ಮಾತು ಸುಲಭ. ಆ ಮೊತ್ತ ಹೇಗೆ ಇಡುವುದು, ಹೇಗೆ ಪಾಲು ಮಾಡುವುದು, ಎಲ್ಲಿ ಎಡವುತ್ತೇವೆ ಅನ್ನುವುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಮೊದಲು ಇಷ್ಟು ತೆಗೆದಿಟ್ಟುಕೊಳ್ಳಿ

ಒಂದು ನೋಟ್‌ಬುಕ್. ಹೋದ 12 ತಿಂಗಳ ಪಾಸ್‌ಬುಕ್. ಫೋನ್‌ಪೇ, ಗೂಗಲ್‌ಪೇ ಹಿಸ್ಟರಿ. ದೇವರ ಕೋಣೆಯ ಡ್ರಾಯರಿನಲ್ಲಿ ಸುಮ್ನೆ ಬಿದ್ದಿರುವ ರಶೀದಿಗಳು. ಸಾಲದ ಕಂತುಗಳ ಪಟ್ಟಿ, ವಿಮೆಯ ಕಾಗದ. ಎರಡು ಗಂಟೆ ಸಮಯ. ಮತ್ತೆ, ಮನೆಯಲ್ಲಿ ದುಡ್ಡು ತರುವವರು, ಖರ್ಚು ಮಾಡುವವರು ಇಬ್ಬರೂ ಎದುರು ಬದುರು ಕೂತಿರಬೇಕು. ಗಂಡ ಒಬ್ಬನೇ ಅಥವಾ ಹೆಂಡತಿ ಒಬ್ಬಳೇ ಮಾಡಿದ ಲೆಕ್ಕ ಮೊದಲ ಆಮಂತ್ರಣ ಪತ್ರಿಕೆ ಬಂದಾಗಲೇ ಮುರಿಯುತ್ತದೆ.

ಇದಕ್ಕೆ ಒಳ್ಳೆಯ ಸಮಯ ಏಪ್ರಿಲ್ 1 ರಿಂದ ಬಿಸುವಿನವರೆಗೆ. ಹಣಕಾಸು ವರ್ಷ ಆಗ ಶುರು, ನಮ್ಮ ತುಳುವರ ವರ್ಷವೂ ಆಗಲೇ ಶುರು. ಅದು ತಪ್ಪಿದ್ದರೆ ಮುಂದಿನ ಭಾನುವಾರ ಕೂತರೂ ಆಯಿತು.

ಹಂತ 1: ಹೋದ ವರ್ಷ ಕೊಟ್ಟದ್ದೆಷ್ಟು?

ಲೆಕ್ಕ ಹಾಕುವ ಮೊದಲು ಅಂದಾಜಿನಲ್ಲಿ ಒಂದು ಮೊತ್ತ ಬರೆದಿಡಿ. ಆಮೇಲೆ ರಶೀದಿ, ಫೋನು, ಪಾಸ್‌ಬುಕ್ ನೋಡಿ ಕೂಡಿಸಿ. ನಾನು ಮೊದಲ ಸಲ ಎಂಟು ಸಾವಿರ ಅಂತ ಬರೆದಿದ್ದೆ. ಕೂಡಿಸಿದಾಗ ಹತ್ತೊಂಬತ್ತು ದಾಟಿತ್ತು.

ಕಣ್ಣು ತಪ್ಪುವುದು ಎಲ್ಲಿ ಗೊತ್ತುಂಟಾ? ಚೌತಿಯ ವಂತಿಗೆ, ಮೊಸರುಕುಡಿಕೆಯ ವಂತಿಗೆ, ಕ್ರಿಕೆಟ್ ಟೂರ್ನಮೆಂಟಿನ ವಂತಿಗೆ, ಆಫೀಸಿನಲ್ಲಿ ಯಾರದೋ ಬೀಳ್ಕೊಡುಗೆ, ಕಾಣಿಕೆ ಡಬ್ಬಿಗೆ ಹಾಕಿದ ನೂರು, ಇಗರ್ಜಿಯ ಭಾನುವಾರದ ಪೂಜೆಯಲ್ಲಿ ಚೀಲಕ್ಕೆ ಹಾಕಿದ ಐವತ್ತು. ನೂರು, ಇನ್ನೂರು ಅಂತ ಹೋದದ್ದು ನೆನಪಿರುವುದಿಲ್ಲ. ತಮ್ಮನಿಗೆ "ಸಾಲ" ಅಂತ ಕೊಟ್ಟು ಬಾರದೆ ಹೋದ ಹಣವನ್ನೂ ಇಲ್ಲೇ ಬರೆಯಿರಿ. ಬರುವುದಿಲ್ಲ ಅಂತ ನಿಮಗೂ ಗೊತ್ತು, ಅಲ್ವಾ?

ಮದುವೆ, ಗೃಹಪ್ರವೇಶದ ಮುಯ್ಯಿಯನ್ನು ಇದರಲ್ಲಿ ಸೇರಿಸಬೇಡಿ. ಅದು ಕೊಟ್ಟು ತೆಗೆದುಕೊಳ್ಳುವ ಲೆಕ್ಕ. ಬೇರೆ ಪುಟದಲ್ಲಿ ಇರಲಿ.

ಹಂತ 2: ಮನೆ ಯಾವ ಸ್ಥಿತಿಯಲ್ಲಿದೆ ಅಂತ ಒಪ್ಪಿಕೊಳ್ಳಿ

ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವ ಗಾದೆ ಸುಮ್ನೆ ಹುಟ್ಟಿದ್ದಲ್ಲ. ಕೆಳಗಿನ ಮೂರರಲ್ಲಿ ನಿಮ್ಮ ಮನೆ ಯಾವುದು ನೋಡಿ. ಇಲ್ಲಿ ಹೇಳುವ ಶೇಕಡಾ ಲೆಕ್ಕ ನನ್ನ ಅಭಿಪ್ರಾಯ. ಯಾವ ಕಾನೂನೂ ಅಲ್ಲ, ಶಾಸ್ತ್ರವೂ ಅಲ್ಲ.

ಮೊದಲನೆಯದು, ಕಂತು ತಪ್ಪುತ್ತಿರುವ ಮನೆ. ಕ್ರೆಡಿಟ್ ಕಾರ್ಡಿನ ಬಾಕಿ ಪೂರ್ತಿ ಕಟ್ಟಲಾಗದೆ "ಕನಿಷ್ಠ ಮೊತ್ತ" ಮಾತ್ರ ಕಟ್ಟುತ್ತಿದ್ದೀರಿ. ಸಹಕಾರಿ ಸೊಸೈಟಿಯಲ್ಲಿ ಚಿನ್ನ ಅಡವಿಟ್ಟು ಬಡ್ಡಿ ಮಾತ್ರ ಕಟ್ಟಿ ಬದಲಾಯಿಸುತ್ತಿದ್ದೀರಿ. ಇಂಥ ಮನೆಯಿಂದ ನಗದು ದಾನ ಬೇಡವೇ ಬೇಡ. ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ. 3ರಿಂದ 4ರಷ್ಟು ಬಡ್ಡಿ ಬೀಳುವುದು ಸಾಮಾನ್ಯ. ಬಾಕಿ ಉಳಿದಿರುವಾಗ ನೀವು ಐದು ಸಾವಿರ ದಾನ ಕೊಟ್ಟರೆ, ಆ ಐದು ಸಾವಿರವನ್ನು ಅದೇ ಬಡ್ಡಿಗೆ ಸಾಲ ತಂದು ಕೊಟ್ಟ ಹಾಗೆಯೇ. ಕೈಯಿಂದ, ಮೈಯಿಂದ ಕೊಡಬಹುದಾದದ್ದು ಬೇಕಾದಷ್ಟಿದೆ. ಅದನ್ನು ಹಂತ 6ರಲ್ಲಿ ಹೇಳುತ್ತೇನೆ.

ಎರಡನೆಯದು, ಕಂತೆಲ್ಲ ಸರಿಯಾಗಿ ಹೋಗುತ್ತಿದೆ, ಆದರೆ ಕೈಯಲ್ಲಿ ಆಪತ್ಧನ ಇಲ್ಲ. ಆಪತ್ಧನ ಅಂದರೆ ನಾಳೆ ಸಂಬಳ ನಿಂತರೂ ಮನೆ ನಡೆಸಲು ತೆಗೆದಿಟ್ಟ ಹಣ. ಖಾಯಂ ಸಂಬಳದವರಿಗೆ ಮೂರು ತಿಂಗಳ ಖರ್ಚಿನಷ್ಟು, ಏರಿಳಿತದ ಆದಾಯದವರಿಗೆ ಆರು ತಿಂಗಳಿನಷ್ಟು ಬೇಕು. ಇಂಥ ಮನೆಯವರು ಕೊಡುವುದನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ. ಆದಾಯದ ಶೇ. 1ರಷ್ಟು ಇಟ್ಟುಕೊಳ್ಳಿ, ಉಳಿದದ್ದು ಆಪತ್ಧನಕ್ಕೆ ಹೋಗಲಿ.

ಮೂರನೆಯದು, ಆಪತ್ಧನ ಇದೆ, ಆರೋಗ್ಯ ವಿಮೆ ಇದೆ, ದುಡಿಯುವವರ ಹೆಸರಲ್ಲಿ ಟರ್ಮ್ ಇನ್ಶೂರೆನ್ಸ್ ಇದೆ. ಟರ್ಮ್ ಅಂದರೆ ದುಡಿಯುವವರು ಅವಧಿಯೊಳಗೆ ತೀರಿಹೋದರೆ ಮಾತ್ರ ಮನೆಯವರಿಗೆ ದೊಡ್ಡ ಮೊತ್ತ ಬರುವ, ಪ್ರೀಮಿಯಂ ಕಡಿಮೆ ಇರುವ ವಿಮೆ. ಇಂಥ ಮನೆಯವರು ಶೇ. 3ರಿಂದ 5ರವರೆಗೆ ಧೈರ್ಯವಾಗಿ ಕೊಡಬಹುದು. ಅದಕ್ಕಿಂತ ಜಾಸ್ತಿ ಕೊಡುವವರೂ ಇದ್ದಾರೆ. ಅವರಿಗೆ ಈ ಲೇಖನ ಬೇಕಾಗಿಲ್ಲ.

ಬ್ಯಾರಿ (ಕರಾವಳಿಯ ಮುಸ್ಲಿಂ) ಮನೆಗಳಲ್ಲಿ ಝಕಾತ್‌ನ, ಅಂದರೆ ಕಡ್ಡಾಯ ದಾನದ ಲೆಕ್ಕ ಮೊದಲೇ ಸಿದ್ಧವಾಗಿರುತ್ತದೆ. ಅದು ಆದಾಯದ ಮೇಲಲ್ಲ, ಉಳಿತಾಯದ ಮೇಲೆ. ನಿಸಾಬ್ ಅನ್ನುವ ಮಿತಿಗಿಂತ ಮೇಲಿನ ಆಸ್ತಿ ಒಂದು ಚಾಂದ್ರಮಾನ ವರ್ಷ ನಿಮ್ಮ ಕೈಯಲ್ಲಿ ಉಳಿದಿದ್ದರೆ ಶೇ. 2.5. ಚಿನ್ನದ ಲೆಕ್ಕದಲ್ಲಿ ನಿಸಾಬ್ ಸುಮಾರು 87.5 ಗ್ರಾಂ, ಬೆಳ್ಳಿಯಲ್ಲಿ ಸುಮಾರು 612 ಗ್ರಾಂ. ಮನೆ ಖರ್ಚು ಕಳೆದು ಉಳಿದದ್ದಕ್ಕೇ ಲೆಕ್ಕವಾದ್ದರಿಂದ ಮನೆಯ ಹೊಟ್ಟೆಗೆ ಹೊಡೆತವಿಲ್ಲ. ತೊಂದರೆ ಆಗುವುದು ಝಕಾತ್ ಕೊಟ್ಟ ಮೇಲೂ ಅದೇ ರಮ್ಜಾನಿನಲ್ಲಿ ಕಂಡ ಕಂಡ ಸದಖಾ ಮನವಿಗೆಲ್ಲ ಕೈ ಹಾಕಿದಾಗ. ಸದಖಾ ಅಂದರೆ ಕಡ್ಡಾಯವಲ್ಲದ, ಮನಸ್ಸಿಗೆ ಬಂದಷ್ಟು ಕೊಡುವ ದಾನ. ಅದಕ್ಕೂ ಒಂದು ಮಿತಿ ಬರೆದಿಡಿ. ಸಾಲ ಹೇಗೆ ಕಳೆಯುವುದು, ಒಡವೆ ಸೇರುತ್ತದಾ ಅನ್ನುವುದನ್ನೆಲ್ಲ ನಿಮ್ಮ ಮಸೀದಿಯ ಖತೀಬರ ಹತ್ತಿರವೇ ಕೇಳಿ.

ಹಂತ 3: ಮೊತ್ತ ಬರೆಯಿರಿ

ಒಂದು ಮನೆಯ ಉದಾಹರಣೆ ತೆಗೆದುಕೊಳ್ಳೋಣ. ಮಂಗಳೂರಿನ ಹೊರವಲಯ. ಗಂಡನಿಗೆ ಖಾಸಗಿ ಕೆಲಸ, ಹೆಂಡತಿ ಮನೆಯಲ್ಲೇ ಹೊಲಿಗೆ, ಇಬ್ಬರು ಮಕ್ಕಳು, ಊರಲ್ಲಿ ಅಪ್ಪ ಅಮ್ಮ. ತಿಂಗಳಿಗೆ ಇಬ್ಬರದೂ ಸೇರಿ ₹48,000.

ಮನೆ ಸಾಲದ ಕಂತು 13,500. ದಿನಸಿ, ಗ್ಯಾಸು, ಮೀನು 11,000. ಶಾಲೆ ಮತ್ತು ಬಸ್ಸು 6,500. ಪೆಟ್ರೋಲು, ಕರೆಂಟು, ಫೋನು 5,500. ಅಪ್ಪ ಅಮ್ಮನ ಮದ್ದಿಗೆ 2,500. ಉಳಿತಾಯ 4,000. ವಿಮೆ 1,500. ಒಟ್ಟು 44,500. ಉಳಿಯುವುದು 3,500.

ಈ 3,500 ಪೂರ್ತಿ ದಾನಕ್ಕೆ ಅಂದುಕೊಂಡರೆ ಕೆಟ್ಟಿತು. ಮಿಕ್ಸಿ ಹಾಳಾಗುತ್ತದೆ, ಮಳೆಗಾಲಕ್ಕೆ ಮೊದಲು ಹಂಚು ತೆಗೆಸಬೇಕು, ಮಗುವಿಗೆ ಜ್ವರ ಬರುತ್ತದೆ. ಅದಕ್ಕೆ 2,000 ಬಿಡಿ. ದಾನಕ್ಕೆ ತಿಂಗಳಿಗೆ 1,500, ವರ್ಷಕ್ಕೆ 18,000. ಇವರ ವಾರ್ಷಿಕ ಆದಾಯ 5,76,000, ಅಂದರೆ ಶೇ. 3ಕ್ಕಿಂತ ಚೂರು ಜಾಸ್ತಿ. ಆಪತ್ಧನ ತುಂಬಿರುವ ಮನೆಗೆ ಇದು ಸರಿ. ತುಂಬಿಲ್ಲದಿದ್ದರೆ ತಿಂಗಳಿಗೆ 500 ಸಾಕು.

ಒಂದು ಎಚ್ಚರಿಕೆ. ಅಪ್ಪ ಅಮ್ಮನ ಮದ್ದಿನ ಹಣವನ್ನು ದಾನದ ಪಟ್ಟಿಯಲ್ಲಿ ಬರೆಯುವವರಿದ್ದಾರೆ. ಬರೆಯಬೇಡಿ. ಅದು ಮನೆ ಖರ್ಚು.

ಎಲ್ಲರಿಗೂ ತಿಂಗಳ ಸಂಬಳ ಬರುವುದಿಲ್ಲ. ಯಾಂತ್ರಿಕ ದೋಣಿಯಲ್ಲಿ ದುಡಿಯುವವರಿಗೆ ಜೂನ್ 1 ರಿಂದ ಜುಲೈ 31 ರವರೆಗೆ ಕಡಲಿಗೆ ಇಳಿಯುವ ಹಾಗಿಲ್ಲ, ಮೀನುಗಾರಿಕೆ ನಿಷೇಧ. ಅಡಿಕೆಯವರಿಗೆ ಮಾರಿದ ದಿನ ದುಡ್ಡು. ಇಂಥವರು ತಿಂಗಳ ಮೊತ್ತ ಇಡಬೇಡಿ, ಶೇಕಡಾ ಲೆಕ್ಕ ಇಡಿ. ಪ್ರತಿ ಸಲ ಹಣ ಕೈಗೆ ಬಂದಾಗ ಮೊದಲು ಮಳೆಗಾಲದ ಎರಡು ತಿಂಗಳ ಮನೆ ಖರ್ಚಿನ ಪಾಲು ತೆಗೆಯಿರಿ, ಆಮೇಲೆ ದಾನದ ನೂರಕ್ಕೆ ಎರಡೋ ಮೂರೋ ತೆಗೆಯಿರಿ. ಒಳ್ಳೆ ಮೀನು ಬಿದ್ದ ವಾರ ಸಮಿತಿಯವರು ಬಂದು ದೊಡ್ಡ ಮೊತ್ತ ಬರೆಸಿಕೊಂಡು ಹೋಗುವುದು, ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳು) ಅಕ್ಕಿಗೆ ಸಾಲ ಮಾಡುವುದು ನಮ್ಮ ಕರಾವಳಿಯ ಹಳೆಯ ಕಥೆ.

ಗಲ್ಫಿನಲ್ಲಿ ಇರುವವರ ಮನೆಗೆ ಇನ್ನೊಂದು ಸಂಕಟ. "ನಿಮಗೇನು, ದುಬೈ ದುಡ್ಡು" ಅಂತ ಎಲ್ಲರಿಗಿಂತ ಜಾಸ್ತಿ ಕೇಳುತ್ತಾರೆ. ಅಲ್ಲಿ ಬರುವ ಸಂಬಳದ ಮೇಲೆ ಲೆಕ್ಕ ಹಾಕಬೇಡಿ, ಊರಿಗೆ ಕಳಿಸುವ ಹಣದ ಮೇಲೆ ಹಾಕಿ.

ಹಂತ 4: ಮೊತ್ತವನ್ನು ಪಾಲು ಮಾಡಿ, ಬೇರೆ ಇಡಿ

18,000 ಅಂತ ಬರೆದಿಟ್ಟರೆ ಸಾಲದು. ಎಲ್ಲಿಗೆ ಎಷ್ಟು ಅಂತ ಬರೆಯದಿದ್ದರೆ ಮೊದಲು ಬಂದವರಿಗೆ ಎಲ್ಲ ಹೋಗುತ್ತದೆ. ನಾನು ಹೇಳುವ ಪಾಲು ಹೀಗೆ: ಊರಿನ ದೇವಸ್ಥಾನ, ದೈವಸ್ಥಾನ, ಉತ್ಸವಕ್ಕೆ 6,000. ಪರಿಚಯದವರ ಕಾಯಿಲೆ, ಮಕ್ಕಳ ಓದು, ಮನೆಗೆ ಮರ ಬಿದ್ದದ್ದು, ಹೀಗೆ ಕಷ್ಟಕ್ಕೆ 7,000. ನೀವೇ ನೋಡಿ ಆರಿಸಿದ ಒಂದು ಸಂಸ್ಥೆಗೆ 3,000. ಗೇಟಿಗೆ ಬರುವ ಸಣ್ಣಪುಟ್ಟ ವಂತಿಗೆಗೆ 2,000.

ಕಷ್ಟಕ್ಕೆ ಯಾಕೆ ಜಾಸ್ತಿ ಅಂತ ಕೇಳಬಹುದು. ಉತ್ಸವದವರು ಹೇಗೂ ಬಂದು ಕೇಳುತ್ತಾರೆ. ಕಷ್ಟದಲ್ಲಿರುವವರು ಕೇಳುವುದೇ ಇಲ್ಲ. ಅವರ ಪಾಲನ್ನು ನಾವೇ ಕಾದಿಡಬೇಕು. ನಿಮ್ಮ ಮನೆಯ ನಂಬಿಕೆಗೆ ತಕ್ಕಂತೆ ಅಂಕಿ ಬದಲಿಸಿ, ಅದಕ್ಕೆ ನನ್ನ ತಕರಾರಿಲ್ಲ.

ಈಗ ಹಣ ಎಲ್ಲಿ ಇಡುವುದು? ನಮ್ಮೂರಲ್ಲಿ ಇದಕ್ಕೆ ಪಿಗ್ಮಿಗಿಂತ ಒಳ್ಳೆಯ ದಾರಿ ಇಲ್ಲ. ದಿನಾ ಮನೆಗೋ ಅಂಗಡಿಗೋ ಬಂದು ಸಣ್ಣ ಮೊತ್ತ ತೆಗೆದುಕೊಂಡು ಹೋಗುವ ಈ ಠೇವಣಿಯನ್ನು 1928ರಲ್ಲಿ ಶುರು ಮಾಡಿದ್ದು ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್. ಆಗ ದಿನಕ್ಕೆ ಎರಡು ಆಣೆ ಸಾಕಿತ್ತು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಪಿಗ್ಮಿ ಅನ್ನುವ ಪದ ಮಾತ್ರ ಪ್ರತಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಉಳಿದಿದೆ. ದಿನಕ್ಕೆ 50 ರೂಪಾಯಿಯಂತೆ ಕಟ್ಟಿದರೆ ವರ್ಷಕ್ಕೆ ಸುಮಾರು 18,000. ಅಂದರೆ ಮೇಲಿನ ಮನೆಯ ದಾನದ ಮೊತ್ತ ಹೆಚ್ಚು ಕಡಿಮೆ ಅಷ್ಟೇ. "ದಾನದ ಪಿಗ್ಮಿ" ಅಂತ ಬೇರೆಯೇ ಖಾತೆ ಮಾಡಿಸಿ.

ಇಲ್ಲಿ ಎರಡು ಜಾಗ್ರತೆ. ಕಟ್ಟಿದ ದಿನವೇ ರಶೀದಿಯೋ ಮೆಸೇಜೋ ಬರಬೇಕು, ಮೂರು ತಿಂಗಳಿಗೊಮ್ಮೆ ಶಾಖೆಗೆ ಹೋಗಿ ಬಾಕಿ ತಾಳೆ ನೋಡಬೇಕು. ಇನ್ನೊಂದು, ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ₹5 ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಬೋರ್ಡಿನಲ್ಲಿ "ಬ್ಯಾಂಕ್" ಅಂತ ಇದೆಯಾ, "ಸಂಘ" ಅಂತ ಇದೆಯಾ ಓದಿಕೊಳ್ಳಿ. ಪಿಗ್ಮಿ ಬೇಡ ಅನ್ನುವವರು ಒಂದು ಡಬ್ಬದಲ್ಲಿ ಹಾಕಿಡಿ. ನಿಮ್ಮ ಮನೆಯಲ್ಲಿ ಡಬ್ಬ ಸುರಕ್ಷಿತವಾ ಅನ್ನುವುದು ನಿಮಗೇ ಗೊತ್ತು.

ಹಂತ 5: ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ನಮ್ಮ ಕಡೆ ಕೇಳುವ ಕಾಲ ದೀಪಾವಳಿಯಿಂದ ಪತ್ತನಾಜೆಯವರೆಗೆ. ಪತ್ತನಾಜೆ ಅಂದರೆ ತುಳುವಿನ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವುದು, ದೈವಗಳ ನೇಮ ಕೋಲಗಳು ನಿಲ್ಲುವುದು ಆಗ. ಅಷ್ಟರೊಳಗೆ ಬ್ರಹ್ಮಕಲಶ, ಜೀರ್ಣೋದ್ಧಾರ, ನೇಮ, ಆಟ (ಯಕ್ಷಗಾನ) ಎಲ್ಲ ಮುಗಿಯಬೇಕು. ಪತ್ತನಾಜೆ ಕಳೆದು ಒಂದು ವಾರಕ್ಕೆ ಶಾಲೆ ಶುರು. ಫೀಸು, ಪುಸ್ತಕ, ಸಮವಸ್ತ್ರ, ಕೊಡೆ. ಏಪ್ರಿಲ್, ಮೇಯಲ್ಲಿ ಕೈ ಬಿಚ್ಚಿ ಕೊಟ್ಟವರು ಜೂನಿನಲ್ಲಿ ಚಿನ್ನ ಹಿಡಿದುಕೊಂಡು ಸೊಸೈಟಿಗೆ ಹೋಗುವುದಕ್ಕೆ ಕಾರಣ ಇದೇ.

ಹಾಗಾಗಿ ಫೀಸಿನ ಹಣವನ್ನು ಮಾರ್ಚ್ ಒಳಗೆ ಬೇರೆ ಖಾತೆಗೆ ದಾಟಿಸಿಬಿಡಿ. ಕಣ್ಣಿಗೆ ಕಾಣದ ಹಣವನ್ನು ಕೊಡಲು ಮನಸ್ಸು ಬರುವುದಿಲ್ಲ. ಆಗಸ್ಟ್, ಸೆಪ್ಟೆಂಬರಿನಲ್ಲಿ ಅಷ್ಟಮಿ, ಚೌತಿ, ಸೆಪ್ಟೆಂಬರ್ 8ಕ್ಕೆ ಕ್ರೈಸ್ತರ ತೆನೆಹಬ್ಬ ಮೊಂತಿ ಫೆಸ್ತ್, ಅದರ ಹಿಂದೆಯೇ ದಸರಾ. ಇವು ಸಣ್ಣ ಮೊತ್ತದವು, ಆದರೆ ಒಟ್ಟೊಟ್ಟಿಗೆ ಬರುತ್ತವೆ. ರಮ್ಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಅದನ್ನು ಆಯಾ ವರ್ಷ ನೋಡಿ ಬರೆದುಕೊಳ್ಳಿ.

ಹರಕೆಯ ಬಗ್ಗೆ ಒಂದು ಮಾತು. ಮಗ ಐಸಿಯುನಲ್ಲಿದ್ದಾಗ "ಹುಷಾರಾದರೆ ಒಂದು ಆಟ ಆಡಿಸುತ್ತೇನೆ ತಾಯಿ" ಅಂತ ಬಾಯಿಗೆ ಬರುತ್ತದೆ. ಬರಲಿ. ತಪ್ಪಿಲ್ಲ. ಆದರೆ ಆ ಹೊತ್ತಿಗೆ ದಿನಾಂಕ ಹೇಳಬೇಡಿ. ಕಟೀಲು ಮೇಳದ ಹರಕೆ ಆಟಕ್ಕೆ ಹೇಗೂ ವರ್ಷಗಟ್ಟಲೆ ಮೊದಲೇ ಬುಕ್ಕಿಂಗ್ ಇರುತ್ತದೆ. ಕಾಯುವ ಆ ವರ್ಷಗಳೇ ನಿಮಗೆ ಸಿಕ್ಕ ಅನುಕೂಲ. ಹೆಸರು ಬರೆಸಿದ ದಿನವೇ ಆರ್‌ಡಿ ತೆರೆಯಿರಿ. ಆರ್‌ಡಿ ಅಂದರೆ ತಿಂಗಳು ತಿಂಗಳು ಕಟ್ಟಿ ಕೊನೆಗೆ ಬಡ್ಡಿಯೊಂದಿಗೆ ಒಟ್ಟಿಗೆ ತೆಗೆಯುವ ಠೇವಣಿ. ಮೇಳಕ್ಕೆ ಕೊಡುವ ಮೊತ್ತವನ್ನು ಮಾತ್ರ ಲೆಕ್ಕ ಹಾಕಬೇಡಿ. ಆಟ ನೋಡಲು ಬಂದವರ ಊಟ, ಚಪ್ಪರ, ಲೈಟು, ನೆಂಟರ ಓಡಾಟ ಎಲ್ಲ ಸೇರಿದರೆ ಖರ್ಚು ಬೇರೆಯೇ ಆಗುತ್ತದೆ.

ಹಂತ 6: ಗೇಟಿನಲ್ಲಿ ಹೇಳಬೇಕಾದ ಮಾತು

ಎಲ್ಲರಿಗೂ ಕಷ್ಟದ ಹಂತ ಇದೇ. ನಾಲ್ಕು ಜನ ಪರಿಚಯದವರು, ಕೈಯಲ್ಲಿ ಆಮಂತ್ರಣ ಪತ್ರಿಕೆ, ಒಬ್ಬರ ಕಂಕುಳಲ್ಲಿ ರಶೀದಿ ಪುಸ್ತಕ. ಹಿಂದಿನ ಹಾಳೆಯಲ್ಲಿ ಪಕ್ಕದ ಮನೆಯವರು ಹತ್ತು ಸಾವಿರ ಬರೆಸಿದ್ದು ಕಾಣುವ ಹಾಗೆಯೇ ಪುಸ್ತಕ ಬಿಡಿಸುತ್ತಾರೆ. ಅದನ್ನು ನೋಡಬೇಡಿ. ಪಕ್ಕದ ಮನೆಯ ಸಾಲ ನಿಮಗೆ ಗೊತ್ತಿಲ್ಲ.

ಮಾತು ಚಿಕ್ಕದಾಗಿರಲಿ. "ಈ ವರ್ಷಕ್ಕೆ ನಾವು ಮನೆಯಲ್ಲಿ ಇಷ್ಟು ಅಂತ ಇಟ್ಟಿದ್ದೇವೆ. ನಿಮ್ಮ ಪಾಲು ಎರಡು ಸಾವಿರ. ಬರೆದುಕೊಳ್ಳಿ." ಅಷ್ಟೇ. ಫೀಸು, ಆಸ್ಪತ್ರೆ, ಸಾಲ ಅಂತ ಕಾರಣ ಹೇಳಲು ಹೋಗಬೇಡಿ. ಒಂದೊಂದು ಕಾರಣಕ್ಕೂ ಅವರ ಹತ್ತಿರ ಉತ್ತರ ಇರುತ್ತದೆ. ಕಂತಿನಲ್ಲಿ ಕೊಡಿ ಅಂತಾರೆ, ಈಗ ಬರೆಸಿ ಆಮೇಲೆ ಕೊಡಿ ಅಂತಾರೆ. ಈ "ಆಮೇಲೆ ಕೊಡಿ" ದೊಡ್ಡ ಗುಂಡಿ. ಬರೆಸಿದ ಹೆಸರು ಮೈಕಿನಲ್ಲಿ ಬರುತ್ತದೆ, ಫ್ಲೆಕ್ಸಿನಲ್ಲಿ ಬರುತ್ತದೆ. ಹಣ ಕೊಡದೆ ವಿಧಿಯಿರುವುದಿಲ್ಲ. ಕೈಯಲ್ಲಿ ಇರುವಷ್ಟೇ ಬರೆಸಿ, ಅಂದೇ ಕೊಟ್ಟು ರಶೀದಿ ತೆಗೆದುಕೊಳ್ಳಿ.

ಆ ವರ್ಷದ ಪಾಲು ಮುಗಿದಿದ್ದರೆ ಮುಗಿದಿದೆ ಅಂತಲೇ ಹೇಳಿ. "ಬರುವ ವರ್ಷ ಮೊದಲು ನಿಮ್ಮದನ್ನೇ ಬರೆಯುತ್ತೇನೆ" ಅಂದರೆ ಬಂದವರಿಗೆ ಬೇಜಾರಾಗುವುದಿಲ್ಲ. ಹೇಳಿದ ಮೇಲೆ ನೋಟ್‌ಬುಕ್ಕಿನಲ್ಲಿ ನಿಜವಾಗಿ ಬರೆದಿಡಬೇಕು, ಮತ್ತೆ.

ನಗದು ಇಲ್ಲದಿದ್ದರೆ ಕೊಡಲು ಏನೂ ಇಲ್ಲ ಅಂತಲ್ಲ. ಬೆಳೆದದ್ದನ್ನೇ ಕಾಣಿಕೆಯಾಗಿ ಕೊಡುವ ಹೊರೆಕಾಣಿಕೆ ಇರುವುದೇ ಅದಕ್ಕೆ. ಹಿತ್ತಲಿನ ಹತ್ತು ತೆಂಗಿನಕಾಯಿ, ಒಂದು ಬಾಳೆಗೊನೆ, ಎರಡು ಸೀಯಾಳದ ಗೊನೆ, ಅಕ್ಕಿ ಕೊಟ್ಟರೆ ಮೆರವಣಿಗೆಯಲ್ಲಿ ನಿಮ್ಮ ಮನೆಯದೂ ಹೋಗುತ್ತದೆ. ಶ್ರಮದಾನಕ್ಕೆ ಎರಡು ಭಾನುವಾರ ಹೋಗಿ. ಅನ್ನದಾನದ ದಿನ ಬಡಿಸಲು ನಿಲ್ಲಿ. ಹರೇಕಳ ಹಾಜಬ್ಬರನ್ನು ನೆನಪಿಸಿಕೊಳ್ಳಿ. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದವರು ಊರಿಗೆ ಶಾಲೆ ತಂದರು, 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅವರು ಹಾಕಿದ್ದು ಕಿತ್ತಳೆಯ ದುಡ್ಡು ಮಾತ್ರ ಅಲ್ಲ. ಕಚೇರಿಯಿಂದ ಕಚೇರಿಗೆ ಅಲೆದ ಕಾಲೂ ಅವರದೇ.

ರಕ್ತದಾನಕ್ಕೆ ಒಂದು ಪೈಸೆ ಖರ್ಚಿಲ್ಲ. 18 ರಿಂದ 65 ವರ್ಷದೊಳಗೆ, ತೂಕ 45 ಕಿಲೋಗಿಂತ ಮೇಲಿದ್ದು, ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ಕಾಸರಗೋಡು, ಕೊಡಗು, ಉತ್ತರ ಕನ್ನಡದಿಂದೆಲ್ಲ ರೋಗಿಗಳು ಬರುತ್ತಾರೆ. ರಕ್ತ ಯಾವಾಗಲೂ ಬೇಕು.

ಹಂತ 7: ಆಸ್ಪತ್ರೆಯ ಮನವಿ ಬಂದಾಗ

ವಾಟ್ಸಾಪಿನಲ್ಲಿ ಮಗುವಿನ ಫೋಟೋ, ಕೆಳಗೆ ಖಾತೆ ನಂಬರ್, ಕ್ಯೂಆರ್ ಕೋಡ್. ಕರುಳು ಚುರುಕ್ ಅನ್ನುತ್ತದೆ. ಕಳಿಸುವ ಮೊದಲು ಇಷ್ಟು ಮಾಡಿ.

ಫಾರ್ವರ್ಡ್ ಮಾಡಿದವರನ್ನು "ನಿಮಗೆ ಈ ಮನೆಯವರು ಗೊತ್ತಾ?" ಅಂತ ಕೇಳಿ. ಗೊತ್ತಿಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ. ಗೊತ್ತಿದ್ದರೆ ಆಸ್ಪತ್ರೆಯ ನಂಬರನ್ನು ನೀವೇ ಹುಡುಕಿ ಫೋನ್ ಮಾಡಿ, ಮೆಸೇಜಿನಲ್ಲಿರುವ ನಂಬರಿಗೆ ಬೇಡ. ನಿಜವಾದ ಮನವಿಯ ಫೋಟೋ ಹಾಗೇ ಇಟ್ಟು ಖಾತೆ ನಂಬರ್ ಮಾತ್ರ ಬದಲಿಸಿ ಕಳಿಸುವವರಿದ್ದಾರೆ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಮೇಲೆ ಬರುವ ಹೆಸರು ಮನವಿಯಲ್ಲಿರುವ ಹೆಸರಿಗೆ ತಾಳೆ ಆಗುತ್ತದಾ ನೋಡಿ. ಹತ್ತಿರದ ಆಸ್ಪತ್ರೆಯಾದರೆ ಹೋಗಿ ಬಿಲ್ ಕೌಂಟರಿನಲ್ಲಿ ರೋಗಿಯ ಹೆಸರಿಗೇ ಕಟ್ಟಿ. ಮೋಸ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ಹಣಕ್ಕಿಂತ ಮೊದಲು ಕೊಡಬೇಕಾದ ಇನ್ನೊಂದು ಸಹಾಯ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ₹1.5 ಲಕ್ಷ ಮಿತಿ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ "ಆರೋಗ್ಯಮಿತ್ರ" ಅಂತ ಒಬ್ಬರು ಇದಕ್ಕೆಂದೇ ಇರುತ್ತಾರೆ. ಗಾಬರಿಯಲ್ಲಿರುವ ಮನೆಯವರಿಗೆ ಇದು ಹೊಳೆಯುವುದಿಲ್ಲ. ನೀವು ರೇಷನ್ ಕಾರ್ಡ್, ಆಧಾರ್ ಹಿಡಿದು ಅವರ ಜೊತೆ ಆ ಮೇಜಿಗೆ ಹೋದರೆ, ನಿಮ್ಮ ಎರಡು ಸಾವಿರಕ್ಕಿಂತ ಎಷ್ಟೋ ಪಟ್ಟು ಉಪಕಾರ.

ಹಂತ 8: ಸಾಲ ಕೊಡುವುದು, ಜಾಮೀನು ಹಾಕುವುದು

ನೆಂಟರಿಗೆ ಕೈಸಾಲ ಕೊಡುವುದಾದರೆ, ಬಾರದಿದ್ದರೂ ಮನೆ ನಡೆಯುವಷ್ಟೇ ಕೊಡಿ. ಐವತ್ತು ಸಾವಿರ ಕೇಳಿದವರಿಗೆ ಐದು ಸಾವಿರ ಸುಮ್ನೆ ಕೊಟ್ಟುಬಿಡುವುದು ಎಷ್ಟೋ ಸಲ ಇಬ್ಬರಿಗೂ ಒಳ್ಳೆಯದು.

ಜಾಮೀನು ಇನ್ನೂ ಅಪಾಯ. "ಒಂದು ಸಹಿ ಅಲ್ವಾ, ದುಡ್ಡು ಕೇಳಿಲ್ಲವಲ್ಲ" ಅಂತ ಸೊಸೈಟಿಯ ಮೆಟ್ಟಿಲು ಹತ್ತುತ್ತೇವೆ. ಭಾರತೀಯ ಕರಾರು ಕಾಯ್ದೆ 1872ರ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಮೊದಲು ಅವನನ್ನು ಹಿಡಿದು ಆಮೇಲೆ ನಿಮ್ಮನ್ನು ಕೇಳಬೇಕು ಅಂತ ಏನೂ ಇಲ್ಲ. ನಾಲ್ಕು ಲಕ್ಷದ ಸಾಲಕ್ಕೆ ಸಹಿ ಹಾಕಿದರೆ ನಾಲ್ಕು ಲಕ್ಷ, ಅದರ ಬಡ್ಡಿ ನಿಮ್ಮ ತಲೆಯ ಮೇಲೂ ಇದೆ. ನಿಮ್ಮ ಸಾಲದ ದಾಖಲೆಯಲ್ಲೂ ಅದು ಕಾಣಬಹುದು. ನಾಳೆ ಮಗಳ ಓದಿಗೆ ಸಾಲ ಕೇಳಿದಾಗ ಬ್ಯಾಂಕಿನವರು ಅದನ್ನು ನೋಡುತ್ತಾರೆ. ಮನೆಯವರಿಗೆ ಹೇಳದೆ ಜಾಮೀನು ಹಾಕಬೇಡಿ. ನನ್ನನ್ನು ಕೇಳಿದರೆ, ಹೇಳಿಯೂ ಹಾಕಬೇಡಿ.

ಹಂತ 9: ರಶೀದಿ, ತೆರಿಗೆ

"80ಜಿ ಸಿಗುತ್ತದೆ, ತೆರಿಗೆ ಉಳಿಯುತ್ತದೆ" ಅಂತ ಹೇಳಿ ಕೇಳುವವರಿದ್ದಾರೆ. 80ಜಿ ಅಂದರೆ ಮಾನ್ಯತೆ ಇರುವ ಸಂಸ್ಥೆಗೆ ಕೊಟ್ಟ ದಾನದ ಒಂದು ಭಾಗವನ್ನು ತೆರಿಗೆ ಲೆಕ್ಕದಲ್ಲಿ ಆದಾಯದಿಂದ ಕಳೆಯಲು ಬಿಡುವ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ, ಅದರಲ್ಲಿ ಸೆಕ್ಷನ್ನಿನ ನಂಬರ್ ಬೇರೆ. ಜನರ ಬಾಯಲ್ಲಿ ಮಾತ್ರ ಇದು 80ಜಿಯೇ.

ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಈ ರಿಯಾಯಿತಿ ಇಲ್ಲವೇ ಇಲ್ಲ. 2025–26ರಿಂದ ಆ ಪದ್ಧತಿಯಲ್ಲಿ ₹12 ಲಕ್ಷದವರೆಗಿನ ಆದಾಯಕ್ಕೆ, ಸಂಬಳದವರಾದರೆ ₹12.75 ಲಕ್ಷದವರೆಗೆ, ಸಾಮಾನ್ಯವಾಗಿ ತೆರಿಗೆಯೇ ಬರುವುದಿಲ್ಲ. ಕಟ್ಟಬೇಕಾದ ತೆರಿಗೆಯೇ ಇಲ್ಲದವರು ಏನು ಉಳಿಸುವುದು? ನಮ್ಮ ಉದಾಹರಣೆಯ ಮನೆಯವರಿಗೆ ಈ ಹಂತ ಬೇಕಾಗಿಯೇ ಇಲ್ಲ.

ಹಳೆ ಪದ್ಧತಿಯಲ್ಲಿ ಶೇ. 30ರ ಹಂತದಲ್ಲಿರುವವರು ₹10,000 ಕೊಟ್ಟರು ಅಂದುಕೊಳ್ಳಿ. ಹೆಚ್ಚಿನ ಸಂಸ್ಥೆಗಳಿಗೆ ಕೊಟ್ಟದ್ದರಲ್ಲಿ ಅರ್ಧ ಮಾತ್ರ ಕಳೆಯಬಹುದು, ಅಂದರೆ 5,000. ಅದರ ಮೇಲಿನ ತೆರಿಗೆ ಮತ್ತು ಸೆಸ್ ಸೇರಿ ಉಳಿಯುವುದು 1,560. ಕೈಯಿಂದ 8,440 ಹೋಗಿಯೇ ಹೋಯಿತು. ಪ್ರಧಾನಿ ಪರಿಹಾರ ನಿಧಿ, ಮುಖ್ಯಮಂತ್ರಿ ಪರಿಹಾರ ನಿಧಿಗಾದರೆ ಪೂರ್ತಿ ಮೊತ್ತ ಕಳೆಯಬಹುದು. ₹2,000ಕ್ಕಿಂತ ಮೇಲೆ ನಗದಾಗಿ ಕೊಟ್ಟರೆ ರಿಯಾಯಿತಿ ಇಲ್ಲ. ಅಕ್ಕಿ, ಕಾಯಿ, ಬಟ್ಟೆ ಕೊಟ್ಟದ್ದಕ್ಕೂ ಇಲ್ಲ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟದ್ದಕ್ಕೆ, ಸರ್ಕಾರ ಆ ಕ್ಷೇತ್ರವನ್ನು ಇದಕ್ಕೆಂದು ಅಧಿಸೂಚನೆಯಲ್ಲಿ ಸೇರಿಸಿದ್ದರೆ ಮಾತ್ರ ಇದೆ. ಸಮಿತಿಯವರ ಬಾಯಿಮಾತು ಸಾಲದು, ಕಾಗದ ಕೇಳಿ. ಸಂಸ್ಥೆಗೆ ಪ್ಯಾನ್ ನಂಬರ್ ಕೊಟ್ಟಿರಬೇಕು, ವರ್ಷ ಮುಗಿದ ಮೇಲೆ ಮೇ 31ರೊಳಗೆ ಅವರಿಂದ ದಾನದ ಪ್ರಮಾಣಪತ್ರ ಬರಬೇಕು. ಇದುವರೆಗೆ ಅದನ್ನು 10ಬಿಇ ನಮೂನೆ ಅನ್ನುತ್ತಿದ್ದರು. ಬರೀ ರಶೀದಿ ನಡೆಯುವುದಿಲ್ಲ.

ತೆರಿಗೆಗೆ ಬೇಕಾಗದಿದ್ದರೂ ಎಲ್ಲ ರಶೀದಿಯನ್ನು ಒಂದೇ ಲಕೋಟೆಯಲ್ಲಿ ಹಾಕಿಡಿ. ಮೇಲೆ ವರ್ಷ ಬರೆಯಿರಿ. ಬರುವ ಬಿಸುವಿಗೆ ಹಂತ 1 ಮಾಡುವಾಗ ಹತ್ತೇ ನಿಮಿಷದ ಕೆಲಸ.